ಗಾಯಗೊಂಡ ಬಾತುಕೋಳಿಯೂ ನಮ್ಮ ಕನಿಕರವೂ

ಕುಂದಾಪುರದಿಂದ ಅತ್ತ ಬೈಂದೂರಿನವರೆಗೂ ಇತ್ತ ಬ್ರಹ್ಮಾವರದವರೆಗೂ ಹೆದ್ದಾರಿಯನ್ನು ಬಿಟ್ಟು ಒಳಹಾದಿಗಳಲ್ಲಿ ನಡೆದಾಡಿದವರಿಗೆ ಒಂದು ನೋಟ ಪರಿಚಿತವಾದುದೇ. ಗದ್ದೆಯ ಅಂಚಿನಲ್ಲಿ ತೋಡು, ತೋಡಿನ ಬದಿಗೆ ತೆಂಗಿನ ಹಿತ್ತಲು, ಹಿತ್ತಲಿನ ಕೆಸರಿನಲ್ಲಿ ಕೊಕ್ಕಾಡಿಸುತ್ತ ಸಾಲಾಗಿ ಸಾಗುವ ನಾಲ್ಕೈದು ಬಾತುಕೋಳಿಗಳು. ಸೌಪರ್ಣಿಕಾ, ವಾರಾಹಿ ಮೊದಲಾದ ಐದು ಹೊಳೆಗಳು ಗಂಗೊಳ್ಳಿಯ ಬಳಿ ಒಂದಾಗಿ ಕಡಲನ್ನು ಸೇರುವ ಈ ನೀರಿನ ನಾಡಿನಲ್ಲಿ ಬಾತು ಸಾಕುವುದು ಬಹುಮಟ್ಟಿಗೆ ಹಿತ್ತಲಿನ ವ್ಯವಹಾರ; ಮೊಟ್ಟೆಗೆಂದೋ ಮಕ್ಕಳ ಆಸೆಗೆಂದೋ ಸಾಕಿದವು ಅವು. ಅಂಥ ಒಂದು ಹಕ್ಕಿಗೆ ಗಾಯವಾದರೆ ಮನೆಯವರು ಏನು ಮಾಡಬೇಕೆಂಬುದು ವಿಜ್ಞಾನದ ಪತ್ರಿಕೆಗೆ ತಕ್ಕ ವಿಷಯವೆ ಎಂದು ಕೆಲವರು ಕೇಳಿಯಾರು. ತಕ್ಕ ವಿಷಯವೆಂದೇ ನಮ್ಮ ಅಭಿಪ್ರಾಯ. ಏಕೆಂದರೆ ನಾವೇ ಒಂದು ಬಾತುಕೋಳಿಯನ್ನು ಕೊಂದವರು, ಅದೂ ಕನಿಕರದಿಂದ.

ಆಗ ನಾವು ಪ್ರೌಢಶಾಲೆಯ ವಿದ್ಯಾರ್ಥಿ. ಆಷಾಢದ ಮಳೆ ಹಿಡಿದಿತ್ತು. ಸಂಜೆಯ ಹೊತ್ತಿಗೆ ಬೀದಿನಾಯಿಯೊಂದು ಹಿತ್ತಲಿಗೆ ನುಗ್ಗಿ ನಮ್ಮ ಬಾತಿನ ಬೆನ್ನಿಗೆ ಬಾಯಿ ಹಾಕಿತು. ನಾಯಿಯನ್ನು ಓಡಿಸಿ, ಹಕ್ಕಿಯನ್ನು ಬಾವಿಕಟ್ಟೆಗೆ ತಂದೆವು. ಕೆಸರೂ ರಕ್ತವೂ ಹೋಗಲೆಂದು ಎರಡು ಕೊಡ ನೀರು ಸುರಿದು ಮೈಯೆಲ್ಲ ತೊಳೆದೆವು. "ಎಣ್ಣಿ ಅರ್ಸಿನ ಹಚ್ಚ್ ಮಗಾ" ಎಂದು ಅಜ್ಜಿ ಹೇಳಿದರು, ಧಾರಾಳವಾಗಿ ಹಚ್ಚಿದೆವು. ಬಾಯಾರಿರಬಹುದೆಂದು ಕೊಕ್ಕನ್ನು ಬಿಡಿಸಿ ಚಮಚದಿಂದ ನೀರು ಹೊಯ್ದೆವು. ಕೊನೆಗೆ ಚಳಿಯಾಗದಿರಲೆಂದು ಬೈರಾಸಿನಲ್ಲಿ ಬಿಗಿಯಾಗಿ ಸುತ್ತಿ ಜಗಲಿಯ ಮೂಲೆಯಲ್ಲಿ ಮಲಗಿಸಿದೆವು. ಬೆಳಗ್ಗೆ ನೋಡಿದಾಗ ಅದು ಕಾಲು ಚಾಚಿ ತಣ್ಣಗಾಗಿತ್ತು. ನಾಯಿಯ ಕಡಿತವೇ ಸಾವಿಗೆ ಕಾರಣವೆಂದು ಮನೆಯವರೆಲ್ಲರೂ ನಂಬಿದರು. ಹಲವು ವರ್ಷಗಳ ತರುವಾಯ, ಕಾಲೇಜಿನ ತರಗತಿಯಲ್ಲಿ ಬಾಷ್ಪೀಭವನದ ಪಾಠವನ್ನು ಹೇಳುತ್ತಿದ್ದಾಗ, ಆ ರಾತ್ರಿ ನಾವು ಮಾಡಿದ ನಾಲ್ಕು ಸೇವೆಗಳೂ ನಾಲ್ಕು ಅಪರಾಧಗಳೆಂಬುದು ಮನಸ್ಸಿಗೆ ಹೊಳೆಯಿತು.

ಮೊದಲು ನೀರಿನ ಮಾತು. ದಿನವೆಲ್ಲ ನೀರಿನಲ್ಲಿರುವ ಹಕ್ಕಿಗೆ ಎರಡು ಕೊಡ ನೀರಿನಿಂದ ಏನು ಕೇಡು? ಬಾತು ನೀರಿನಲ್ಲಿರುತ್ತದೆ, ನಿಜ, ಆದರೆ ನೆನೆಯುವುದಿಲ್ಲ. ಗರಿಯ ಎಳೆಗಳೂ ಉಪಎಳೆಗಳೂ ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಸೂಕ್ಷ್ಮವಾದ ಬಲೆಯಂತಿರುತ್ತವೆ. ಬಲೆಯ ಸಂದುಗಳಲ್ಲಿ ಗಾಳಿ ನಿಂತಿರುವುದರಿಂದ ನೀರಿನ ಹನಿ ಬಹುಪಾಲು ಗಾಳಿಯ ಮೇಲೆಯೇ ಕುಳಿತು, ಸ್ಪರ್ಶಕೋನ ದೊಡ್ಡದಾಗಿ, ಉರುಳಿಹೋಗುತ್ತದೆ. ಕ್ಯಾಸಿ ಮತ್ತು ಬ್ಯಾಕ್ಸ್ಟರ್ ಎಂಬ ಇಬ್ಬರು ಆಂಗ್ಲ ವಿಜ್ಞಾನಿಗಳು ಉಣ್ಣೆಯ ಉದ್ದಿಮೆಗಾಗಿ ನೀರು ಹಿಡಿಯದ ಬಟ್ಟೆಯ ಗುಟ್ಟನ್ನು ಹುಡುಕುತ್ತ ೧೯೪೪ರಲ್ಲಿ ಈ ವಿಷಯದ ಗಣಿತವನ್ನು ಪ್ರಕಟಿಸಿದಾಗ ಅವರ ಮುಂದಿದ್ದ ಮಾದರಿಗಳಲ್ಲಿ ಬಾತಿನ ಗರಿಯೂ ಒಂದು. ಬಾಲದ ಬುಡದ ಗ್ರಂಥಿಯಿಂದ ಜಿಡ್ಡನ್ನು ಕೊಕ್ಕಿನಲ್ಲಿ ತೆಗೆದು ಹಕ್ಕಿ ಗರಿಗರಿಗೂ ಸವರಿಕೊಳ್ಳುವುದು ಈ ಬಲೆ ಕೆಡದಂತೆ ಕಾಯಲು. ಗಾಯಗೊಂಡ ಹಕ್ಕಿ ಇದನ್ನು ಮಾಡಲಾರದು. ನಾಯಿಯ ಹಲ್ಲು ಬಲೆಯನ್ನು ಹರಿದಿತ್ತು. ಮಿಕ್ಕುದನ್ನು ನಾವು ಉಜ್ಜಿ ಕೆಡಿಸಿದೆವು. ನೀರು ಒಳಗಿನ ಪುಕ್ಕಕ್ಕೆ ಇಳಿಯಿತು.

ಇಲ್ಲಿ ವಿದ್ಯಾರ್ಥಿಗಳು ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಬಹುದು. ಬಾತಿನ ಮೈಯ ಉಷ್ಣತೆ ಸುಮಾರು ೪೧ ಡಿಗ್ರಿ ಸೆಂಟಿಗ್ರೇಡ್. ಒಂದೂವರೆ ಕಿಲೋಗ್ರಾಂ ತೂಗುವ ಹಕ್ಕಿಯ ಗರಿಗಳಲ್ಲಿ ೫೦ ಗ್ರಾಂ ನೀರು ನಿಂತಿದೆಯೆಂದು ಊಹಿಸೋಣ. ೩೦ ಡಿಗ್ರಿಯ ಆಸುಪಾಸಿನಲ್ಲಿ ಒಂದು ಗ್ರಾಂ ನೀರು ಆವಿಯಾಗಲು ಸುಮಾರು ೫೮೦ ಕ್ಯಾಲೊರಿ ಬೇಕು. ೫೦ ಗ್ರಾಮಿಗೆ ೨೯,೦೦೦ ಕ್ಯಾಲೊರಿ. ಅರ್ಧವನ್ನು ಸುತ್ತಲಿನ ಗಾಳಿಯೇ ಕೊಟ್ಟಿತೆಂದರೂ ೧೪,೫೦೦ ಕ್ಯಾಲೊರಿ ಹಕ್ಕಿಯ ಮೈಯಿಂದ ಹೋಗಬೇಕು. ಒಂದು ಗ್ರಾಂ ದೇಹದ್ರವ್ಯ ಒಂದು ಡಿಗ್ರಿ ತಣ್ಣಗಾಗುವಾಗ ಸುಮಾರು ೦.೮ ಕ್ಯಾಲೊರಿಯನ್ನು ಬಿಡುತ್ತದೆ. ಇಡೀ ಹಕ್ಕಿಗೆ ಇದು ೧,೨೦೦ ಕ್ಯಾಲೊರಿ. ಅಂದರೆ, ಹೊಸ ಉಷ್ಣವನ್ನು ಹುಟ್ಟಿಸದ ಹಕ್ಕಿಯ ಮೈ ೧೨ ಡಿಗ್ರಿ ಇಳಿದುಹೋಗಬೇಕು! ಆರೋಗ್ಯವಂತ ಹಕ್ಕಿ ತಿಂದ ಆಹಾರವನ್ನು ಉರಿಸಿ ಈ ನಷ್ಟವನ್ನು ತುಂಬಿಕೊಳ್ಳುತ್ತದೆ. ರಕ್ತ ಕಳೆದುಕೊಂಡು, ಬೆದರಿ, ಆಹಾರ ಮುಟ್ಟದೆ ಕುಳಿತದ್ದಕ್ಕೆ ಆ ಶಕ್ತಿಯೆಲ್ಲಿಯದು? ನಮ್ಮ ಮಳೆಗಾಲದ ತೇವದ ಗಾಳಿಯಲ್ಲಿ ಬಾಷ್ಪೀಭವನ ನಿಧಾನವಲ್ಲವೆ ಎಂದು ಜಾಣ ವಿದ್ಯಾರ್ಥಿ ಕೇಳಿದರೆ ಅದಕ್ಕೂ ಉತ್ತರವಿದೆ. ನಿಧಾನವೇ, ಆದ್ದರಿಂದ ಗರಿ ರಾತ್ರಿಯಿಡೀ ಒದ್ದೆಯಾಗಿಯೇ ಇರುತ್ತದೆ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ೨೦ ಪಟ್ಟಿಗೂ ಹೆಚ್ಚು.

ಎಣ್ಣೆಯದು ಇನ್ನೂ ಕೆಟ್ಟ ಪರಿಣಾಮ. ತೆಂಗಿನೆಣ್ಣೆ ಗರಿಯ ಸಂದುಗಳಿಗೆ ಹರಿದು ಗಾಳಿಯನ್ನು ಹೊರದೂಡುತ್ತದೆ. ಎಳೆಗಳು ಅಂಟಿಕೊಂಡು ಜಡೆಗಟ್ಟುತ್ತವೆ. ಸಮುದ್ರದಲ್ಲಿ ತೈಲ ಚೆಲ್ಲಿದಾಗ ಕಡಲಹಕ್ಕಿಗಳು ಸಾಯುವುದಕ್ಕೆ ಇದೇ ಒಂದು ಮುಖ್ಯ ಕಾರಣ. ಮಳೆಗಾಲದ ರಾತ್ರಿ ೨೪ ಡಿಗ್ರಿಗೆ ಇಳಿದರೆ ತೆಂಗಿನೆಣ್ಣೆ ಹೆಪ್ಪುಗಟ್ಟಲು ತೊಡಗುತ್ತದೆಂಬುದನ್ನು ಈ ಊರಿನವರಿಗೆ ಹೇಳಬೇಕಾಗಿಲ್ಲ. ಅರಶಿನದಲ್ಲಿ ರೋಗಾಣುಗಳನ್ನು ತಡೆಯುವ ಗುಣವಿದೆಯೆಂದು ಪ್ರಯೋಗಶಾಲೆಯಲ್ಲಿ ಕಂಡಿರುವುದು ನಿಜವಾದರೂ ಅಡುಗೆಮನೆಯ ಡಬ್ಬಿಯ ಪುಡಿ ರೋಗಾಣುರಹಿತವಾದುದಲ್ಲ. ಇನ್ನು ಗಾಯಕ್ಕೆ ಹುಳ ಬೀಳದಿರಲೆಂದು ಸೀಮೆಎಣ್ಣೆ, ಫಿನಾಯಿಲ್, ನುಸಿಗುಳಿಗೆಯ ಪುಡಿ ಹಾಕುವವರೂ ಇದ್ದಾರೆ. ಅವು ಹುಳವನ್ನು ಕೊಲ್ಲುತ್ತವೆ. ತೆರೆದ ಗಾಯದಿಂದ ಮೈಗಿಳಿದು ಹಕ್ಕಿಯನ್ನೂ ಕೊಲ್ಲಬಲ್ಲವು.

ಮೂರನೆಯದು ಚಮಚದ ನೀರು. ಬಾತಿನ ಉಸಿರುನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ತೆರೆದಿರುತ್ತದೆ. ತಾನಾಗಿ ನುಂಗಲಾರದ ಹಕ್ಕಿಗೆ ಹೊಯ್ದ ನೀರು ನೇರವಾಗಿ ಅಲ್ಲಿಗೆ ಇಳಿಯಬಹುದು. ನಾಲ್ಕನೆಯದು ಬೈರಾಸು. ನಮಗಿರುವಂತಹ ವಪೆ ಹಕ್ಕಿಗಿಲ್ಲ. ಎದೆಯ ಎಲುಬು ಮುಂದಕ್ಕೂ ಹಿಂದಕ್ಕೂ ಆಡಿದರೆ ಮಾತ್ರ ಅದರ ಗಾಳಿಚೀಲಗಳಿಗೆ ಗಾಳಿ ಹೋಗಿ ಬರುತ್ತದೆ. ಎದೆಯನ್ನು ಬಿಗಿದು ಕಟ್ಟುವುದೆಂದರೆ ಮೂಗು ಮುಚ್ಚದೆಯೇ ಉಸಿರು ಕಟ್ಟಿಸಿದಂತೆ. ಮಕ್ಕಳು ಪ್ರೀತಿಯಿಂದ ಎದೆಗವಚಿಕೊಳ್ಳುವಾಗಲೂ ಇದೇ ಅಪಾಯ.

ಹಾಗಾದರೆ ಮಾಡಬೇಕಾದುದೇನು? ಆಶ್ಚರ್ಯವೆಂದರೆ, ಬಹಳ ಕಡಿಮೆ. ಹಕ್ಕಿಯನ್ನು ಕಾಲಿನಿಂದಾಗಲಿ ರೆಕ್ಕೆಯಿಂದಾಗಲಿ ಎತ್ತದೆ, ರೆಕ್ಕೆಗಳೆರಡನ್ನೂ ಮೈಗೆ ಸೇರಿಸಿ ಹಗುರವಾಗಿ ಹಿಡಿದು, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಒಣ ಬಟ್ಟೆಯ ಮೇಲಿಟ್ಟು, ಕತ್ತಲೆಯಾದ ಸದ್ದಿಲ್ಲದ ಕೋಣೆಯಲ್ಲಿ ಬಿಡುವುದು. ರಕ್ತ ಸುರಿಯುತ್ತಿದ್ದರೆ ಶುದ್ಧವಾದ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಬೇಕು. ಇಷ್ಟು ಗಾತ್ರದ ಹಕ್ಕಿಯ ಮೈಯಲ್ಲಿರುವ ರಕ್ತವೆಲ್ಲ ಸೇರಿ ನೂರು ಮಿಲಿಲೀಟರಿಗೆ ಸ್ವಲ್ಪ ಹೆಚ್ಚೆಂಬುದನ್ನು ನೆನೆದರೆ ಒಂದು ಚಮಚದ ಬೆಲೆ ತಿಳಿಯುತ್ತದೆ. ಗಾಯವನ್ನು ತೊಳೆಯಲು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ೯ ಗ್ರಾಂ ಉಪ್ಪು ಸಾಕು. ಈ ಪ್ರಮಾಣದಲ್ಲಿ ದ್ರಾವಣ ಜೀವಕೋಶಗಳಿಂದ ನೀರನ್ನು ಎಳೆಯುವುದೂ ಇಲ್ಲ, ಅವುಗಳೊಳಕ್ಕೆ ನೂಕುವುದೂ ಇಲ್ಲ. ಸುತ್ತಲಿನ ಗರಿಗಳನ್ನು ಕತ್ತರಿಸಿ ಗಾಯವನ್ನಷ್ಟೇ ತೊಳೆಯಬೇಕು, ಹಕ್ಕಿಯನ್ನಲ್ಲ. ಹೆಗಲಿನ ಬಳಿ ರೆಕ್ಕೆಯ ಎಲುಬು ಮುರಿದು ಹೊರಬಂದಿದ್ದರೆ ಅದೂ ಕೂಡದು. ಆ ಎಲುಬು ಟೊಳ್ಳಾಗಿದ್ದು ಗಾಳಿಚೀಲಕ್ಕೆ ಸೇರಿಕೊಂಡಿರುವುದರಿಂದ ಅಲ್ಲಿ ಹೊಯ್ದ ನೀರು ಉಸಿರಿನ ಅಂಗಕ್ಕೇ ಹೋಗುತ್ತದೆ.

ಬೆಚ್ಚಗಿಡುವ ವಿಷಯದಲ್ಲಿ ಒಂದು ಮಾತು. ಹಳೆಯ ಪುಸ್ತಕಗಳು ಪೆಟ್ಟಿಗೆಯ ಮೇಲೆ ವಿದ್ಯುದ್ದೀಪವನ್ನು ತೂಗಹಾಕಿರೆಂದು ಹೇಳುತ್ತವೆ. ತಂತಿ ಕಾಯ್ದು ಬೆಳಗುವ ಹಳೆಯ ಬಲ್ಬಿಗೆ ಅದು ಸರಿಯಾದ ಮಾತು. ಈಗ ಮನೆಮನೆಯಲ್ಲಿರುವ ಎಲ್‌ಇಡಿ ದೀಪ ಬೆಳಕು ಕೊಡುತ್ತದೆಯೇ ಹೊರತು ಹಕ್ಕಿಗೆ ಸಾಲುವಷ್ಟು ಶಾಖ ಕೊಡುವುದಿಲ್ಲ. ಬಿಸಿನೀರು ತುಂಬಿದ ಸೀಸೆಗೆ ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಯಲ್ಲಿಡುವುದೇ ಲೇಸು. ಸೆಕೆಯೆನಿಸಿದರೆ ಹಕ್ಕಿ ಇನ್ನೊಂದು ಬದಿಗೆ ಸರಿದುಕೊಳ್ಳುತ್ತದೆ. ಎಚ್ಚೆತ್ತ ಮೇಲೆ ಮೂಗಿನ ಹೊಳ್ಳೆ ಮುಳುಗುವಷ್ಟು ನೀರಿನ ಪಾತ್ರೆಯನ್ನು ಎದುರಿಗಿಟ್ಟರೆ ತಾನೇ ಕುಡಿಯುತ್ತದೆ.

ಇಷ್ಟಾದ ಮೇಲೆ ಅದೇ ದಿನ ಪಶುವೈದ್ಯರಲ್ಲಿಗೆ ಒಯ್ಯಬೇಕು. ನಾಯಿ ಬೆಕ್ಕುಗಳ ಹಲ್ಲು ಚರ್ಮದ ಮೇಲೆ ಸೂಜಿಯ ತೂತಿನಷ್ಟು ಗುರುತನ್ನು ಮಾತ್ರ ಬಿಟ್ಟು ಒಳಗೆ ಆಳವಾಗಿ ಇಳಿದಿರುತ್ತದೆ. ಬೆಕ್ಕಿನ ಬಾಯಿಯ ರೋಗಾಣುಗಳು ಒಂದೆರಡು ದಿನಗಳಲ್ಲಿಯೇ ಹಕ್ಕಿಯ ರಕ್ತವನ್ನು ಕೆಡಿಸಬಲ್ಲವು. ಮುರಿದ ಎಲುಬಾದರೆ ಎರಡು ಮೂರು ವಾರಗಳಲ್ಲಿ ಕೂಡಿಕೊಳ್ಳುತ್ತದೆ, ಮನುಷ್ಯನದಕ್ಕಿಂತ ಬೇಗ. ಸೊಟ್ಟಗೆ ಕೂಡುವುದೂ ಅಷ್ಟೇ ಬೇಗ. ಮನೆಯಲ್ಲಿರುವ ನೋವಿನ ಮಾತ್ರೆಯನ್ನು ಪುಡಿಮಾಡಿ ತಿನ್ನಿಸುವ ಸಾಹಸವಂತೂ ಬೇಡವೇ ಬೇಡ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ, ಸತ್ತ ದನವನ್ನು ತಿಂದ ಹದ್ದುಗಳ ಮೂತ್ರಪಿಂಡಗಳನ್ನು ಕೆಡಿಸಿ, ನಮ್ಮ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತನ್ನು ಹದಿನೈದು ವರ್ಷಗಳಲ್ಲಿ ಅಳಿಸಿತು. ಕಾರಣ ೨೦೦೪ರಲ್ಲಿ ಬೆಳಕಿಗೆ ಬಂತು. ೨೦೦೬ರಲ್ಲಿ ಪಶುಗಳಿಗಾಗಿ ಅದನ್ನು ತಯಾರಿಸುವುದನ್ನು ಸರ್ಕಾರ ನಿಷೇಧಿಸಿತು. ದನಕ್ಕೂ ನಮಗೂ ಹಿತವಾದ ಮದ್ದು ಹಕ್ಕಿಗೆ ವಿಷವಾಗಬಹುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಕೆ? ವೈದ್ಯರು ಔಷಧ ಕೊಟ್ಟ ಮೇಲೆ ಎಷ್ಟು ದಿನ ಆ ಹಕ್ಕಿಯ ಮೊಟ್ಟೆಯನ್ನು ತಿನ್ನಬಾರದೆಂದು ಅವರನ್ನೇ ಕೇಳಿಕೊಳ್ಳಬೇಕು.

ಗಾಯವೇ ಇಲ್ಲದೆ ಹಲವು ಬಾತುಗಳು ಒಮ್ಮೆಗೆ ಮಂಕಾದರೆ ಅಥವಾ ಸತ್ತರೆ ಮಾತು ಬೇರೆ. ೨೦೨೧ರ ಜನವರಿಯಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳ ಬಾತುಗಳಲ್ಲಿ ಹಕ್ಕಿಜ್ವರ ಕಾಣಿಸಿಕೊಂಡದ್ದು ಹಲವರಿಗೆ ನೆನಪಿರಬಹುದು. ಆಗ ಶುಶ್ರೂಷೆಗೆ ಕೈ ಹಾಕದೆ ಪಶುವೈದ್ಯ ಇಲಾಖೆಗೆ ತಿಳಿಸಬೇಕು. ಇನ್ನೊಂದುಂಟು: ಏಟೂ ಬಿದ್ದಿಲ್ಲ, ಜ್ವರವೂ ಇಲ್ಲ, ಆದರೂ ಮರಿ ಕುಂಟುತ್ತದೆ, ಕಾಲು ಬಿಲ್ಲಿನಂತೆ ಬಾಗುತ್ತದೆ. ಬಾತಿನ ಮರಿಗೆ ಕೋಳಿಮರಿಗಿಂತ ಹೆಚ್ಚು ನಯಾಸಿನ್ ಎಂಬ ಜೀವಸತ್ತ್ವ ಬೇಕು. ಬರಿಯ ಬೆಳ್ತಿಗೆ ಅನ್ನದಲ್ಲಿ ಅದು ಸಾಲದು. ಬೂತಾಯಿ ಮೀನಿನ ಚೂರು ಅನ್ನದ ಜೊತೆಗೆ ಸೇರಿದರೆ ಒಳ್ಳೆಯದು. ಉಪ್ಪು ಹಾಕಿ ಒಣಗಿಸಿದ ಮೀನು ಮಾತ್ರ ಕೂಡದು.

ಈಗ ಆಕ್ಷೇಪಕ್ಕೆ ಬರೋಣ. ಕೆಲವೇ ನೂರು ರೂಪಾಯಿಯ ಹಕ್ಕಿಗೆ ವೈದ್ಯರ ಬಳಿಗೆ ಹೋಗಿಬರುವ ಆಟೋರಿಕ್ಷಾದ ಬಾಡಿಗೆಯೇ ಹೆಚ್ಚಾದೀತು. ಅಡುಗೆ ಮಾಡಿದರೆ ತೀರಿತು ಎನ್ನುವವರಿದ್ದಾರೆ. ಇವರ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ತಿನ್ನಲೆಂದು ಸಾಕಿದ ಹಕ್ಕಿಯನ್ನು ನರಳಲು ಬಿಡದೆ ಕೂಡಲೆ ಕೊನೆಗಾಣಿಸುವುದು, ಮೂರು ದಿನ ಎಣ್ಣೆ ಹಚ್ಚಿ ಕೊಲ್ಲುವುದಕ್ಕಿಂತ ಹೆಚ್ಚು ದಯೆಯುಳ್ಳ ಕೆಲಸವೆಂದೇ ನಮ್ಮ ಎಣಿಕೆ. ಗುಣವಾಗದ ಗಾಯವಾದರೆ ನೋವಿಲ್ಲದ ಸಾವನ್ನು ವೈದ್ಯರೂ ಸೂಚಿಸುತ್ತಾರೆ. ನಾವು ಒಪ್ಪಲಾರದ್ದು ಮೂರನೆಯ ದಾರಿಯನ್ನು: ಚಿಕಿತ್ಸೆಯೂ ಇಲ್ಲ, ಸಾವೂ ಇಲ್ಲ, ಬದುಕಿದರೆ ಬದುಕಲಿ ಎಂದು ಕೊಟ್ಟಿಗೆಯ ಮೂಲೆಗೆ ತಳ್ಳುವುದು. ಒಡೆಯನು ಪ್ರಾಣಿಗೆ ಸಾಕಷ್ಟು ಆಹಾರ, ನೀರು, ಆಸರೆ ಕೊಡದಿರುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ೧೯೭೬ರಲ್ಲಿ ಸಂವಿಧಾನಕ್ಕೆ ಸೇರಿದ ೫೧ಎ ವಿಧಿಯಲ್ಲಿ ಜೀವಿಗಳಲ್ಲಿ ಅನುಕಂಪೆ ಒಂದು ಕರ್ತವ್ಯ. ಅದರ ಮುಂದಿನ ಸಾಲಿನಲ್ಲಿಯೇ ವೈಜ್ಞಾನಿಕ ಮನೋಭಾವ ಇನ್ನೊಂದು. ನಮ್ಮ ಶಾಲೆಗಳಲ್ಲಿ ಮೊದಲನೆಯದನ್ನು ನೀತಿಪಾಠದ ಗಂಟೆಯಲ್ಲಿಯೂ ಎರಡನೆಯದನ್ನು ಪ್ರಯೋಗಶಾಲೆಯಲ್ಲಿಯೂ ಬೇರೆಬೇರೆಯಾಗಿ ಕಲಿಸುತ್ತೇವೆ. ಉಷ್ಣಮಾಪಕವನ್ನು ಓದಬಲ್ಲ, ಗುಪ್ತೋಷ್ಣದ ಲೆಕ್ಕಕ್ಕೆ ಪೂರ್ಣಾಂಕ ಪಡೆಯಬಲ್ಲ ವಿದ್ಯಾರ್ಥಿ ಮನೆಗೆ ಹೋಗಿ ಒದ್ದೆ ಹಕ್ಕಿಯನ್ನು ಜಗಲಿಯಲ್ಲಿ ಮಲಗಿಸುತ್ತಾನೆ. ಇದು ವಿದ್ಯಾರ್ಥಿಯ ತಪ್ಪಲ್ಲ, ನಮ್ಮಂಥ ಅಧ್ಯಾಪಕರದು. ಪ್ರತಿಯೊಂದು ಪ್ರೌಢಶಾಲೆಯೂ ವರ್ಷಕ್ಕೊಮ್ಮೆಯಾದರೂ ಊರಿನ ಪಶುವೈದ್ಯರನ್ನು ಕರೆಯಿಸಿ, ಹಿತ್ತಲಿನ ಪ್ರಾಣಿಗಳ ಪ್ರಥಮ ಚಿಕಿತ್ಸೆಯನ್ನು ಕೈಯಾರೆ ಮಾಡಿ ತೋರಿಸುವಂತೆ ಕೇಳಿಕೊಳ್ಳಬೇಕೆಂಬುದು ನಮ್ಮ ಸಲಹೆ. ಇದಕ್ಕೆ ಖರ್ಚೇನೂ ಇಲ್ಲ.

ಕಳೆದ ಮಳೆಗಾಲದಲ್ಲಿ ಬೈಂದೂರಿನ ಕಡೆಯ ವಿದ್ಯಾರ್ಥಿನಿಯೊಬ್ಬಳು ರಾತ್ರಿ ದೂರವಾಣಿಯಲ್ಲಿ ನಮ್ಮನ್ನು ಕರೆದಳು. ಮುಂಗುಸಿ ಅವಳ ಮನೆಯ ಬಾತಿನ ರೆಕ್ಕೆಯನ್ನು ಹರಿದಿತ್ತು. ಮೇಲೆ ಹೇಳಿದಷ್ಟನ್ನೇ ಹೇಳಿದೆವು. ಎಣ್ಣೆಯ ಬಟ್ಟಲನ್ನು ಹಿಡಿದು ನಿಂತಿದ್ದ ಅವಳ ಅಜ್ಜಿಯನ್ನು ಒಪ್ಪಿಸುವುದೇ ಕಷ್ಟವಾಯಿತಂತೆ. ಬೆಳಗ್ಗೆ ಹಕ್ಕಿಯನ್ನು ಪೆಟ್ಟಿಗೆಯಲ್ಲಿಟ್ಟು ಚಿಕಿತ್ಸಾಲಯಕ್ಕೆ ಒಯ್ದಾಗ, ದನದ ಮದ್ದಿಗಾಗಿ ಕಾದಿದ್ದವರೊಬ್ಬರು "ಒಂದು ಬಾತಿಗೆ ಇಷ್ಟು ರಗಳೆಯೆ?" ಎಂದು ನಕ್ಕರಂತೆ. ವೈದ್ಯರು ನಗಲಿಲ್ಲ, ಮೊದಲು ತೂಕವೆಷ್ಟೆಂದು ಕೇಳಿದರು, ಮದ್ದಿನ ಪ್ರಮಾಣಕ್ಕೆ ಅದು ಬೇಕಲ್ಲ. ಅಂದಿನಿಂದ ಅವಳು ವಾರಕ್ಕೊಮ್ಮೆ ಹಕ್ಕಿಯನ್ನು ತಕ್ಕಡಿಯಲ್ಲಿಟ್ಟು ತೂಗಿ ತನ್ನ ಭೌತಶಾಸ್ತ್ರದ ಪ್ರಯೋಗ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಳು. ಮೊದಲ ವಾರ ೧,೩೫೦ ಗ್ರಾಂ, ಎರಡನೆಯ ವಾರ ೧,೩೧೦, ಮೂರನೆಯ ವಾರ ೧,೩೮೦, ನಾಲ್ಕನೆಯ ವಾರ ೧,೪೬೦. ಐದನೆಯ ವಾರದ ಸಾಲಿನಲ್ಲಿ ಅಂಕಿಯಿಲ್ಲ. ಹಕ್ಕಿ ಕೈಗೆ ಸಿಗದೆ ತೋಡಿಗೆ ಇಳಿದು ಹೋಯಿತೆಂದು ಬರೆದಿದ್ದಾಳೆ.