ರಜೆ ದಿನ ಮನೆಯಲ್ಲೇ ಬಿಯರ್: ಮಾತ್ರೆ ತೆಗೆದುಕೊಳ್ಳುವವರಿಗೆ ಸುರಕ್ಷಿತವೇ?

2024ರ ಜೂನ್‌ನಲ್ಲಿ ತಮಿಳುನಾಡಿನ ಕಲ್ಲಕುರಿಚಿಯಲ್ಲಿ ಕಳ್ಳಭಟ್ಟಿ ಕುಡಿದು 60ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2015ರಲ್ಲಿ ಮುಂಬೈನ ಮಾಲ್ವಣಿಯಲ್ಲಿ ಸತ್ತವರ ಸಂಖ್ಯೆ 100 ದಾಟಿತ್ತು. ಇಂಥ ಸುದ್ದಿ ಬಂದಾಗಲೆಲ್ಲ, "ಹೊರಗಿನದು ಯಾಕೆ, ಮನೆಯಲ್ಲೇ ಮಾಡಿಕೊಂಡರೆ ಆಯ್ತಲ್ಲ" ಎನ್ನುವವರು ಇರುತ್ತಾರೆ. ಮಾಲ್ಟ್, ಹಾಪ್ಸ್, ಯೀಸ್ಟ್ ಆನ್‌ಲೈನ್‌ನಲ್ಲಿ ಸಿಗುತ್ತವೆ, ಕೆಲಸಕ್ಕೆ ಒಂದು ಭಾನುವಾರ ಸಾಕು. ಆದರೆ ನಿಮ್ಮ ಮನೆಯಲ್ಲಿ ದಿನವೂ ಮಾತ್ರೆ ನುಂಗುವವರಿದ್ದರೆ ಸ್ವಲ್ಪ ಯೋಚಿಸಬೇಕು.

ಆ ದಿನ ನಡೆಯುವುದೇನು?

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಸುಮಾರು 65ರಿಂದ 68 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿದರೆ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಸೋಸಿದ ನೀರಿಗೆ ಹಾಪ್ಸ್ ಹಾಕಿ ಮತ್ತೊಂದು ಗಂಟೆ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುತ್ತಾರೆ. ಮುಂದಿನ ಒಂದೆರಡು ವಾರ ಯೀಸ್ಟ್ ಆ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಕಾರ್ಬನ್ ಡೈ ಆಕ್ಸೈಡ್ ಆಗಿ ಬದಲಿಸುತ್ತದೆ. ಹುದುಗು ಮುಗಿಯುವ ಮೊದಲೇ ಬಾಟಲಿ ತುಂಬಿದರೆ ಒಳಗಿನ ಒತ್ತಡಕ್ಕೆ ಗಾಜು ಸಿಡಿಯಬಹುದು.

ಇದರಲ್ಲಿ ಮೆಥನಾಲ್ ಇರುತ್ತದೆಯೇ?

ಧಾನ್ಯದಿಂದ ಹುದುಗಿಸಿದ ಬಿಯರ್‌ನಲ್ಲಿ ಅದು ಅಪಾಯದ ಮಟ್ಟಕ್ಕೆ ಬರುವುದಿಲ್ಲ. ಸಾಮೂಹಿಕ ಸಾವುಗಳಿಗೆ ಸಾಮಾನ್ಯ ಕಾರಣ, ಕೈಗಾರಿಕೆಗೆ ಬಳಸುವ ಮೆಥನಾಲನ್ನು ಸಾರಾಯಿಗೆ ಬೆರೆಸುವುದು. ಹಾಗಾಗಿ ಮನೆಯ ಬಿಯರ್‌ಗೆ ಕಲ್ಲಕುರಿಚಿಯ ಭಯ ಬೇಡ. ಆದರೆ ಅದನ್ನು ಭಟ್ಟಿ ಇಳಿಸುವ ಪ್ರಯೋಗಕ್ಕೆ ಮಾತ್ರ ಕೈ ಹಾಕಬೇಡಿ. ಬೆಂಕಿ ಹತ್ತಿಕೊಳ್ಳುವ ಅಪಾಯವೂ ಅದರಲ್ಲಿದೆ.

ಹಾಗಾದರೆ ಅಪಾಯ ಎಲ್ಲಿದೆ?

ಮೊದಲನೆಯದು, ಎಷ್ಟು ಕುಡಿದಿರಿ ಎಂಬುದೇ ತಿಳಿಯುವುದಿಲ್ಲ. ಶೇ 5ರ 650 ಮಿಲಿ ಬಿಯರ್‌ನಲ್ಲಿ ಸುಮಾರು 26 ಗ್ರಾಂ ಆಲ್ಕೋಹಾಲ್ ಇರುತ್ತದೆ. ಮನೆಯದು ಶೇ 8ಕ್ಕೆ ಏರಿದ್ದರೆ ಅದೇ ಅಳತೆಯಲ್ಲಿ 41 ಗ್ರಾಂ. ಅದನ್ನು ತಿಳಿಸುವ ಲೇಬಲ್ ಇರುವುದಿಲ್ಲ.

ಎರಡನೆಯದು, ಔಷಧಗಳ ಜೊತೆಗಿನ ಜಗಳ:

• ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಮಟ್ಟ ಏಕಾಏಕಿ ಇಳಿಯಬಹುದು. ಅದರ ತಲೆಸುತ್ತು, ತೊದಲು ಮಾತನ್ನು ಮನೆಯವರು "ನಶೆ" ಎಂದು ಸುಮ್ಮನಾಗಿಬಿಡುತ್ತಾರೆ.
• ನಿದ್ರೆ ಮಾತ್ರೆ, ಫಿಟ್ಸ್ ಮಾತ್ರೆ ಜೊತೆ ಮಂಪರು ಹೆಚ್ಚುತ್ತದೆ.
• ಮೆಟ್ರೊನಿಡಜೋಲ್ ಕೋರ್ಸ್ ನಡೆಯುವಾಗ ಕುಡಿಯಬೇಡಿ ಎಂದು ಔಷಧದ ಚೀಟಿಯಲ್ಲೇ ಎಚ್ಚರಿಕೆ ಇರುತ್ತದೆ.
• ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಲಿನೆಜೋಲಿಡ್ ಸೇವಿಸುವವರಿಗೆ ಪಾಶ್ಚರೀಕರಿಸದ ಬಿಯರ್‌ನ ಟೈರಮೈನ್‌ನಿಂದ ರಕ್ತದೊತ್ತಡ ಥಟ್ಟನೆ ಏರಬಹುದು. ಮನೆಯ ಬಿಯರ್ ಪಾಶ್ಚರೀಕರಿಸಿದ್ದಲ್ಲ.

ಮೂರನೆಯದು, ಅದರಲ್ಲಿ ಜೀವಂತ ಯೀಸ್ಟ್ ಇರುತ್ತದೆ. ಕಿಮೋಥೆರಪಿ ನಡೆಯುತ್ತಿರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಅದನ್ನು ದೂರವಿಡಬೇಕು. ಲಿವರ್ ಕಾಯಿಲೆ, ಗೌಟ್ ಇರುವವರಿಗೆ ಯಾವ ಬಿಯರೂ ಒಳ್ಳೆಯದಲ್ಲ. ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣ ಇಲ್ಲವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಕಾನೂನು ಏನನ್ನುತ್ತದೆ?

ಮದ್ಯ ರಾಜ್ಯಗಳ ವಿಷಯ. ಮಹಾರಾಷ್ಟ್ರ, ತಮಿಳುನಾಡು ಸೇರಿದಂತೆ ಹಲವೆಡೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಸಾಮಗ್ರಿ ಮನೆಬಾಗಿಲಿಗೆ ಬರುತ್ತದೆ ಎಂದಮಾತ್ರಕ್ಕೆ ಅನುಮತಿ ಸಿಕ್ಕಂತಲ್ಲ.

ಆಸ್ಪತ್ರೆಗೆ ಯಾವಾಗ?

ಯಾವುದೇ ಮದ್ಯ ಕುಡಿದ ಮೇಲೆ ಕಣ್ಣು ಮಂಜಾದರೆ, ಹೊಟ್ಟೆನೋವು, ವಾಂತಿ, ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ. ಮೆಥನಾಲ್ ವಿಷದ ಲಕ್ಷಣಗಳು 12ರಿಂದ 24 ಗಂಟೆ ತಡವಾಗಿಯೂ ಕಾಣಿಸಬಹುದು. ಮನೆಮದ್ದು ಬೇಡ, ನೇರ ತುರ್ತು ವಿಭಾಗಕ್ಕೆ ಹೋಗಿ. ಏನು, ಎಷ್ಟು ಹೊತ್ತಿಗೆ ಕುಡಿದದ್ದು ಎಂದು ಮುಚ್ಚಿಡದೆ ಹೇಳಿ. ಬೇಗ ಸಿಕ್ಕ ಚಿಕಿತ್ಸೆ ಜೀವವನ್ನೂ ಕಣ್ಣನ್ನೂ ಉಳಿಸಬಲ್ಲದು.

ಮನೆಯಲ್ಲಿ ಮಾಡಿದ್ದೆಲ್ಲ ಶುದ್ಧ ಎಂಬ ನಂಬಿಕೆ ನಮ್ಮದು. ಉಪ್ಪಿನಕಾಯಿಗೆ ಅದು ಒಪ್ಪೀತು, ಬಿಯರ್‌ಗೆ ಒಪ್ಪದು. ಗೆಳೆಯರು ಲೋಟ ಚಾಚಿದರೆ, "ಮಾತ್ರೆ ನಡೀತಾ ಇದೆ, ಬೇಡ" ಎನ್ನಲು ಸಂಕೋಚ ಪಡಬೇಡಿ. ಮಾತ್ರೆ ತೆಗೆದುಕೊಳ್ಳುವುದು ನಿಮ್ಮ ಅಪ್ಪನೋ ಅಣ್ಣನೋ ಆಗಿದ್ದರೆ, ಆ ಮಾತನ್ನು ಅವರ ಪರವಾಗಿ ನೀವೇ ಹೇಳಿ.