ಬಾಲಕ್ಕೆ ಬೆಲೆ ತೆತ್ತವರು

ಸದ್ಭಕ್ತರಿಗೂ ಶ್ರೀಮಠದ ಹಳೆಯ ವಿದ್ಯಾರ್ಥಿಗಳಿಗೂ ಈ ಸಂಚಿಕೆಯಲ್ಲಿ ಒಂದು ಅಪ್ರಿಯವಾದ ಮಾತನ್ನು ನಿವೇದಿಸಬೇಕಾಗಿ ಬಂದಿದೆ. ಪ್ರಿಯವಾದುದನ್ನು ಹೇಳುವವರು ನಿಮ್ಮ ಸುತ್ತ ಬೇಕಾದಷ್ಟು ಜನರಿದ್ದಾರೆ. ಆ ಕೆಲಸ ನಮಗೆ ಉಳಿದಿಲ್ಲ.

ಇತ್ತೀಚೆಗೆ ಕಂಪ್ಲಿ ಸೀಮೆಯ ಮೆಟ್ರಿ ಗ್ರಾಮಕ್ಕೆ ಭಕ್ತರೊಬ್ಬರ ಮನೆಯ ಪೂಜೆಗೆಂದು ಹೊರಟಿದ್ದೆವು. ಕರೆದೊಯ್ಯಲು ಬಂದವರು ನಮ್ಮ ಪ್ರಸಾದನಿಲಯದಲ್ಲಿಯೇ ಉಂಡು, ಓದಿ, ವ್ಯಾಪಾರದಲ್ಲಿ ಮುಂದೆ ಬಂದ ತರುಣರು. ಅವರು ತಂದ ವಾಹನವಾದರೋ ಇಬ್ಬರಿಗೆ ಮಾತ್ರ ಆಸನವುಳ್ಳ, ನೆಲಕ್ಕೆ ಅಂಟಿಕೊಂಡಂತಿರುವ ವಿದೇಶೀ ಸ್ಪೋರ್ಟ್ಸ್ ಕಾರು. ಊರು ಇನ್ನೂ ಕೂಗಳತೆಯಲ್ಲಿರುವಾಗಲೇ ರಸ್ತೆಯ ಉಬ್ಬಿಗೆ ಅದರ ಹೊಟ್ಟೆ ತಗುಲಿ ನಿಂತಿತು. ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಪಕ್ಕದಿಂದ ನಿರಾಯಾಸವಾಗಿ ದಾಟಿಹೋಯಿತು. ನಾವು ಇಳಿದು ನಡೆದೆವು. ನಡೆಯುತ್ತಿರುವಾಗ ಆ ತರುಣರು ತಗ್ಗಿದ ದನಿಯಲ್ಲಿ ಹೇಳಿದರು: “ಅಜ್ಜನವರೇ, ಒಂದೂವರೆ ಕೋಟಿ ಕೊಟ್ಟು ತಂದೆ. ಮೂರು ವರ್ಷವಾಯಿತು. ಮಾರೋಣವೆಂದರೆ ಅರ್ಧಕ್ಕೂ ಕೇಳುವವರಿಲ್ಲ. ಬ್ಯಾಂಕಿನ ಕಂತು ಮಾತ್ರ ನಿಂತಿಲ್ಲ. ಅಪ್ಪನ ಹೊಲ ಅಡವಿನಲ್ಲಿದೆ.”

ಆ ಕೊನೆಯ ಮಾತೇ ಈ ಲೇಖನವನ್ನು ಬರೆಯಿಸುತ್ತಿದೆ.

ಮಾರುವವರು ಇದನ್ನು ಹೂಡಿಕೆ ಎನ್ನುತ್ತಾರೆ. 1962ರ ಫೆರಾರಿ ಕಾರೊಂದು 2018ರಲ್ಲಿ ಅಮೆರಿಕದ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತೆಂಬ ಕಥೆಯನ್ನು ಮುಂದಿಡುತ್ತಾರೆ. ಕಥೆ ನಿಜವೇ. ಆದರೆ ಆ ಮಾದರಿಯಲ್ಲಿ ತಯಾರಾದವು 36 ಕಾರುಗಳು ಮಾತ್ರವೆಂಬುದನ್ನು ಒತ್ತಿ ಹೇಳುವುದಿಲ್ಲ. ಲಾಟರಿ ಹೊಡೆದವನ ಭಾವಚಿತ್ರವನ್ನು ತೋರಿಸಿ ಚೀಟಿ ಮಾರುವವನಿಗೂ ಇವರಿಗೂ ಏನು ಭೇದ?

ಲೆಕ್ಕವನ್ನೇ ನೋಡೋಣ. ನಮ್ಮ ದೇಶದ ವಾಹನ ವಿಮೆಯಲ್ಲಿ ಬಳಕೆಯಲ್ಲಿರುವ ಪಟ್ಟಿಯ ಪ್ರಕಾರ, ವಾಹನಕ್ಕೆ ಆರು ತಿಂಗಳು ದಾಟಿದೊಡನೆ ಬೆಲೆಯಲ್ಲಿ ನೂರಕ್ಕೆ 15, ಒಂದು ವರ್ಷ ದಾಟಿದರೆ 20, ಎರಡು ದಾಟಿದರೆ 30, ಮೂರು ದಾಟಿದರೆ 40, ನಾಲ್ಕು ದಾಟಿದರೆ 50 ಕಳೆಯುತ್ತಾರೆ. ಇದು ಸಾಮಾನ್ಯ ಕಾರಿಗೂ ಅನ್ವಯಿಸುವ ಲೆಕ್ಕ. ಸಾಮಾನ್ಯ ಕಾರನ್ನು ಕೊಳ್ಳಲು ಊರಿಗೆ ಹತ್ತು ಜನರಾದರೂ ಸಿಗುತ್ತಾರೆ. ಇಬ್ಬರೇ ಕೂರುವ, ಬಿಡಿಭಾಗಗಳು ಸಮುದ್ರ ದಾಟಿ ಬರಬೇಕಾದ, ಕೆಟ್ಟರೆ ಲಾರಿಯ ಮೇಲೆ ಹೇರಿ ದೂರದ ನಗರಕ್ಕೆ ಸಾಗಿಸಬೇಕಾದ ವಾಹನಕ್ಕೆ ಎರಡನೆಯ ಯಜಮಾನ ಎಲ್ಲಿಂದ ಬಂದಾನು? ಕರ್ನಾಟಕದಲ್ಲಿ 20 ಲಕ್ಷಕ್ಕೂ ಮೀರಿದ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ನೂರಕ್ಕೆ 18. ಒಂದೂವರೆ ಕೋಟಿಗೆ 27 ಲಕ್ಷವಾಯಿತು. ಮಾರುವ ದಿನ ಆ 27 ಲಕ್ಷವನ್ನು ನಿಮ್ಮ ಕೈಗೆ ಎಣಿಸಿಕೊಡುವವರಿಲ್ಲ. ಇಷ್ಟು ಸಾಲದೆಂಬಂತೆ, 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ತೆರಿಗೆ ಸೆಸ್ಸೂ ಸೇರಿ 50ರವರೆಗೆ ಇದ್ದುದು 40ಕ್ಕೆ ಇಳಿಯಿತು. ಹೊಸದೇ ಅಗ್ಗವಾದ ಮೇಲೆ ಹಳೆಯದಕ್ಕೆ ನಿನ್ನೆಯ ಬೆಲೆಯನ್ನು ಯಾರು ಕೊಡುತ್ತಾರೆ?

ಕೊಳ್ಳುವವರ ಉತ್ಸಾಹ ಕುಗ್ಗುತ್ತಿರುವುದು ನಮ್ಮಲ್ಲಿ ಮಾತ್ರವಲ್ಲ. ಜರ್ಮನಿಯ ಪೋರ್ಶೆ ಕಂಪನಿಯ ಟೈಕಾನ್ ಎಂಬ ವಿದ್ಯುತ್ ಕಾರು 2023ರಲ್ಲಿ ಜಗತ್ತಿನಾದ್ಯಂತ 40,000ಕ್ಕೂ ಹೆಚ್ಚು ಜನರ ಕೈಸೇರಿತ್ತು. 2024ರಲ್ಲಿ ಆ ಸಂಖ್ಯೆ 20,836ಕ್ಕೆ ಬಿತ್ತು. ಮಾದರಿ ಬದಲಾದುದು, ವಿದ್ಯುತ್ ವಾಹನಗಳ ಪ್ರಸಾರ ನಿಧಾನವಾದುದು ಮುಂತಾದ ಕಾರಣಗಳನ್ನು ಕಂಪನಿ ಕೊಟ್ಟಿತು. ಇದನ್ನು ಕೇಳಿದ ಕೆಲವರು, “ಜನರಿಗೆ ವಿವೇಕ ಮೂಡುತ್ತಿದೆಯಲ್ಲವೇ?” ಎಂದು ನಮ್ಮನ್ನು ಕೇಳಿದರು. ಇಲ್ಲ. ಒಂದು ಆಟಿಕೆ ಹಳತಾಗಿ ಮತ್ತೊಂದರತ್ತ ಕಣ್ಣು ಹೊರಳುವುದು ವಿವೇಕವಲ್ಲ. ಹೊಟ್ಟೆ ತುಂಬಿದವನು ಎಲೆಯನ್ನು ಸರಿಸುವುದನ್ನು ಯಾರೂ ಉಪವಾಸವೆನ್ನುವುದಿಲ್ಲ.

ಈ ನಾಡಿಗೆ ಇದು ಹೊಸ ಪಾಠವೇ? ಸಂಡೂರಿನ ಕೆಂಪು ಗುಡ್ಡಗಳನ್ನು ಅಗೆದು ಚೀನಕ್ಕೆ ಅದಿರು ಸಾಗಿಸಿದ ವರ್ಷಗಳಲ್ಲಿ ಹೊಸಪೇಟೆಯ ಬೀದಿಯಲ್ಲಿ ಎಂತೆಂತಹ ಕಾರುಗಳು ಓಡಾಡಿದವೆಂಬುದನ್ನು ನೀವು ಕಂಡಿದ್ದೀರಿ. 2011ರ ಜುಲೈ 29ರಂದು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಅಂದಿನಿಂದ ಸಾಲದ ಲಾರಿಗಳು ರಸ್ತೆಯ ಬದಿಯಲ್ಲಿ ಸಾಲಾಗಿ ನಿಂತು ತುಕ್ಕು ಹಿಡಿದವು. ಮೆರೆಯಲೆಂದು ಕೊಂಡ ಕಾರುಗಳನ್ನು ಬಂದ ಬೆಲೆಗೆ ನೂಕಿದವರಿದ್ದಾರೆ. ಲಾರಿಯಾದರೂ ನಾಲ್ಕು ದಿನ ದುಡಿದು ನಿಂತಿತ್ತು. ಕಾರು ಏನು ದುಡಿದಿತ್ತು? ನೋಡುವವರ ಕಣ್ಣಿನಲ್ಲಿದ್ದ ಬೆಲೆ, ಆ ಕಣ್ಣು ತಿರುಗಿದೊಡನೆ ಹೋಯಿತು.

ಇನ್ನೂ ಹಿಂದಕ್ಕೆ ಹೋಗಿ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳ ಸಾಲನ್ನು ನೋಡಿದ್ದೀರಷ್ಟೆ. 1535ರ ಸುಮಾರಿಗೆ ಆ ನಗರದಲ್ಲಿದ್ದ ನೂನಿಜ್ ಎಂಬ ಪೋರ್ಚುಗೀಸ್ ವರ್ತಕನ ವೃತ್ತಾಂತವನ್ನು ರಾಬರ್ಟ್ ಸೆವೆಲ್ 1900ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಸಾಳುವ ನರಸಿಂಹನು ಹೊರ್ಮುಜ್ ಮತ್ತು ಏಡನ್‌ಗಳಿಂದ ಕುದುರೆಗಳನ್ನು ತರಿಸುತ್ತಿದ್ದನೆಂದೂ, ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಜೀವಂತ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನೆಂದೂ ಅದರಲ್ಲಿದೆ. ಓದಿದವರು ನಗಬಹುದು. ಆದರೆ ಅರಸನಿಗೆ ಕಾಯಬೇಕಾದ ರಾಜ್ಯವಿತ್ತು, ಎದುರಿಗೆ ಬಹಮನಿಯ ಅಶ್ವದಳವಿತ್ತು. ವರ್ತಕರ ಹಡಗು ಬೇರೆ ದಿಕ್ಕಿಗೆ ತಿರುಗದಿರಲೆಂದು ಆತ ಬಾಲಕ್ಕೂ ಬೆಲೆ ತೆತ್ತ. ಅಪ್ಪನ ಹೊಲವನ್ನು ಅಡವಿಟ್ಟು ಬಾಲಕ್ಕೆ ಬೆಲೆ ತೆರುವ ನೀವು ಕಾಯುತ್ತಿರುವ ರಾಜ್ಯವಾದರೂ ಯಾವುದು?

“ನಮ್ಮ ದುಡಿಮೆ, ನಮ್ಮ ಹಣ, ಸ್ವಾಮಿಗಳಿಗೇಕೆ?” ಎಂದು ಕೇಳುವವರಿದ್ದಾರೆ. ದುಡಿದ ಹಣವಾಗಿದ್ದರೆ ನಾವು ಸುಮ್ಮನಿರುತ್ತಿದ್ದೆವೇನೋ. ಅದು ಮುಂದಿನ ಏಳು ವರ್ಷ ದುಡಿಯಬೇಕಾದ ಹಣ. ಇಳಿಯುವುದು ಕಾರಿನ ಬೆಲೆ, ಇಳಿಯದಿರುವುದು ಸಾಲ. ಇವೆರಡರ ನಡುವಣ ಕಂದಕಕ್ಕೆ ಮಣ್ಣು ಹೊರುವವರು ಮನೆಯಲ್ಲಿರುವ ತಂದೆ, ತಾಯಿ, ಹೆಂಡತಿ, ಮಕ್ಕಳು.

“ತಾವೂ ಕಾರಿನಲ್ಲಿಯೇ ಸಂಚರಿಸುತ್ತೀರಲ್ಲ?” ಎಂದು ಕೇಳುವವರ ಪ್ರಶ್ನೆ ಇನ್ನೂ ಹರಿತವಾದುದು, ನ್ಯಾಯವಾದುದು. ಹೌದು, ಸಂಚರಿಸುತ್ತೇವೆ. ದೂರದ ಊರಿಗೆ ಹೊತ್ತಿಗೆ ತಲುಪಿಸುವ ವಾಹನವನ್ನು ನಾವು ನಿಂದಿಸುತ್ತಿಲ್ಲ. ಆದರೆ ತಪ್ಪಿನಲ್ಲಿ ನಮಗೂ ಪಾಲಿದೆ. ಈ ತರುಣರ ಕಾರು ಹೊಸದಾಗಿ ಬಂದ ದಿನ ಶ್ರೀಮಠದ ಅಂಗಳದಲ್ಲಿಯೇ ಅದಕ್ಕೆ ಪೂಜೆಯಾಯಿತು. ದೊಡ್ಡ ಹಾರ ಬಿತ್ತು. ಸಭೆಯಲ್ಲಿ ಅವರಿಗೆ ಮುಂದಿನ ಸಾಲು ದೊರೆಯಿತು. ಅದೇ ದಿನ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಂದಿದ್ದ ರೈತರೊಬ್ಬರು ಹೊರಬಾಗಿಲಲ್ಲಿ ನಿಂಬೆಹಣ್ಣು ಹಿಡಿದು ಕಾದರು. ಕಾಯಕವೇ ದೊಡ್ಡದೆಂದು ವೇದಿಕೆಯಿಂದ ಸಾರುವ ನಾವು, ಅಂಗಳದಲ್ಲಿ ಮಾತ್ರ ಕಾರನ್ನು ದೊಡ್ಡದು ಮಾಡಿದೆವು. ಎಳೆಯರು ಉಪದೇಶವನ್ನು ಕೇಳುವುದಿಲ್ಲ, ಆಸನ ಯಾರಿಗೆ ದೊರೆಯಿತೆಂಬುದನ್ನು ನೋಡುತ್ತಾರೆ.

ಆದುದರಿಂದ ಇನ್ನು ಮುಂದೆ ಶ್ರೀಮಠದಲ್ಲಿ ವಾಹನ ಯಾವುದೇ ಆಗಲಿ, ಪೂಜೆ ಒಂದೇ, ಹಾರ ಒಂದೇ, ಬಂದವರ ಸರದಿ ಒಂದೇ. ಕೊಳ್ಳಹೊರಟ ತರುಣರಲ್ಲಿ ನಮ್ಮ ವಿನಂತಿಯಿಷ್ಟು: ಮೂರು ವರ್ಷದ ಮೇಲೆ ಇದರ ಬೆಲೆಯೆಷ್ಟು, ಸಾಲವೆಷ್ಟು, ಯಾರೂ ನೋಡದಿದ್ದರೂ ನಾನಿದನ್ನು ಕೊಳ್ಳುತ್ತಿದ್ದೆನೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಕಾಗದದ ಮೇಲೆ ಬರೆದು ಮನೆಯ ಹಿರಿಯರಿಗೆ ಓದಿ ಹೇಳಿರಿ. ಆ ಬಳಿಕ ಸಹಿ ಹಾಕಿರಿ. ಈಗಾಗಲೇ ಸಿಲುಕಿದವರು ಬೆಲೆ ಏರೀತೆಂದು ಕಾಯದೆ, ಬಂದಷ್ಟಕ್ಕೆ ಮಾರಿ ಮೊದಲು ಹೊಲವನ್ನು ಬಿಡಿಸಿಕೊಳ್ಳಿರಿ. ಹೋದ ಮಾನ ಕಾರಿನಿಂದ ಮರಳದು. ಹೊಲವಾದರೋ ಅನ್ನ ಕೊಡುತ್ತದೆ.

ಇದನ್ನು ಓದಿ ಕೋಪಗೊಂಡವರು ಶ್ರೀಮಠಕ್ಕೆ ಬರಲಿ. ಪ್ರಸಾದ ಸ್ವೀಕರಿಸಿ, ಎದುರಿಗೆ ಕುಳಿತು ವಾದಿಸಲಿ. ಬಸ್ಸಿನಲ್ಲಿ ಬಂದರೂ ಸ್ವಾಗತವೇ.