ಹಳೆಯ ಆಟದ ಯಂತ್ರವೂ ಹೆಣ್ಣುಮಕ್ಕಳ ಕೈಗೆಲಸವೂ

ಸಂತೇಬೆನ್ನೂರಿನ ಪುಷ್ಕರಣಿಯನ್ನು ಕಾಣದವರು ನಮ್ಮಲ್ಲಿ ವಿರಳ. 16ನೆಯ ಶತಮಾನದಲ್ಲಿ ಪಾಳೆಯಗಾರ ಹನುಮಪ್ಪನಾಯಕನು ಕಟ್ಟಿಸಿದ ಆ ಹೊಂಡದ ಮೆಟ್ಟಿಲೊಂದು ಸಡಿಲಿದರೆ ಆ ಕಲ್ಲನ್ನು ಸರಿಪಡಿಸತಕ್ಕದ್ದೇ ಹೊರತು ಹೊಂಡವನ್ನೇ ಮುಚ್ಚಬೇಕೆಂದು ಯಾರೂ ಹೇಳರು. ಮನೆಯೊಳಗಿನ ಯಂತ್ರಗಳ ವಿಷಯದಲ್ಲಿ ಮಾತ್ರ ಈ ವಿವೇಕವನ್ನು ನಾವು ಮರೆತಿರುವಂತೆ ತೋರುತ್ತದೆ.

ಈ ಊರಿನ ನಮ್ಮ ಪರಿಚಿತರ ಮನೆಯಲ್ಲಿ, ವಿದೇಶದ ಬಂಧುಗಳು ತಂದುಕೊಟ್ಟ ‘ನಿಯೋ ಜಿಯೋ’ ಎಂಬ ಆಟದ ಯಂತ್ರವೊಂದುಂಟು. ಜಪಾನಿನ ಎಸ್‌ಎನ್‌ಕೆ ಸಂಸ್ಥೆಯವರು 1990ರಲ್ಲಿ ಹೊರತಂದ ಮಾದರಿಯದು. ಅದು ಕೆಟ್ಟಾಗ ಅಂಗಡಿಯವರು ಎಸೆಯಿರೆಂದರು. ಕಾಲೇಜಿನಲ್ಲಿ ಓದುವ ಮಗಳು ತಾನೇ ಬಿಚ್ಚಿ ನೋಡುವೆನೆಂದಳು. ಅದು ಗಂಡುಮಕ್ಕಳ ಕೆಲಸವೆಂದು ಹಿರಿಯರು ತಡೆದರು.

ಆ ಕೆಲಸವಾದರೂ ಎಂಥದು? ವಿದ್ಯುತ್ತು ಹರಿದೊಡನೆ ಯಂತ್ರವು ಮೊದಲು ಓದುವ ಆಜ್ಞೆಗಳ ಸಂಗ್ರಹಕ್ಕೆ ಬಯೋಸ್ ಎಂದು ಹೆಸರು. ಈ ಯಂತ್ರದಲ್ಲಿ ಅದು 128 ಕಿಲೋಬೈಟುಗಳಷ್ಟೇ. 40 ಕಾಲುಗಳ ಒಂದೇ ಚಿಪ್ಪಿನಲ್ಲಿ ಅಡಗಿರುತ್ತದೆ. ಮೊದಲು ಆಟದ ಕ್ಯಾಸೆಟ್ಟಿನ ಲೋಹದ ಸಂಪರ್ಕಗಳನ್ನು ಶುಚಿಮಾಡಿ ನೋಡಬೇಕು. ಎಷ್ಟೋ ವೇಳೆ ದೋಷವು ಅಲ್ಲಿಯೇ ಇರುತ್ತದೆ. ಚಿಪ್ಪೇ ಕೆಟ್ಟಿದ್ದರೆ, ಹಲಗೆಯ ತಾಮ್ರದ ಎಳೆಗಳು ಕೀಳದಂತೆ ಒಂದೊಂದು ಕಾಲಿನ ಬೆಸುಗೆಯನ್ನೂ ಕರಗಿಸಿ ಅದನ್ನು ತೆಗೆಯಬೇಕು. ಆ ಸ್ಥಳದಲ್ಲಿ ಹೊಸ ಚಿಪ್ಪನ್ನು ನೇರವಾಗಿ ಬೆಸೆಯದೆ, ಸಾಕೆಟ್ಟನ್ನು ಕೂರಿಸಿ ಅದರೊಳಗೆ ಚಿಪ್ಪನ್ನು ಒತ್ತುವುದೇ ಲೇಸು; ಮುಂದೊಮ್ಮೆ ಬದಲಿಸಲು ಬೆಸುಗೆಯ ಹಂಗಿರದು. ಚಿಪ್ಪಿನ ಒಂದು ತುದಿಯಲ್ಲಿರುವ ಕಚ್ಚು ಹಿಂದಿನ ದಿಕ್ಕಿಗೇ ಇರಬೇಕು. ತಿರುವುಮುರುವಾದರೆ ಚಿಪ್ಪು ಸುಟ್ಟೀತು. ಹೊಸತು ಗಾಜಿನ ಕಿಂಡಿಯುಳ್ಳ ಇಪ್ರಾಮ್ ಆಗಿದ್ದರೆ, ನೇರಳಾತೀತ ಕಿರಣಗಳಿಂದ ಬರಹ ಅಳಿಯದಂತೆ ಕಿಂಡಿಗೆ ಚೀಟಿ ಅಂಟಿಸತಕ್ಕದ್ದು.

ಇದರಲ್ಲಿ ಬಾಹುಬಲದ ಕೆಲಸವೆಲ್ಲಿ ಬಂದಿತು? ಎಳೆಯೆಣಿಸಿ ಕಸೂತಿ ಹಾಕುವ ಬೆರಳಿಗೆ ಬೇಕಾದ ತಾಳ್ಮೆಯೂ ದೃಷ್ಟಿಯೂ ಇಲ್ಲಿಯೂ ಸಾಕು.

ಆಟದ ಸಾಮಾನಿಗೆ ಇಷ್ಟು ಶ್ರಮವೇಕೆಂದು ಕೆಲವರು ಕೇಳಬಹುದು. ಇಂದು ಆಟದ ಯಂತ್ರವನ್ನು ಬಿಚ್ಚಿದವಳು ನಾಳೆ ರೇಡಿಯೋವನ್ನೂ ನೀರೆತ್ತುವ ಪಂಪಿನ ಸ್ವಿಚ್ಚನ್ನೂ ಅಂಜದೆ ಬಿಚ್ಚುವಳೆಂಬುದೇ ನಮ್ಮ ಉತ್ತರ. ಕೇಂದ್ರ ಸರಕಾರವು 2022ರ ಡಿಸೆಂಬರಿನಲ್ಲಿ ದುರಸ್ತಿಯ ಹಕ್ಕಿಗಾಗಿ ಜಾಲತಾಣವೊಂದನ್ನು ತೆರೆಯಿತು. ಸಂತೋಷವೇ, ಆದರೆ ಕೈಗೆ ಕಲಿಸದೆ ಹಕ್ಕನ್ನು ಮಾತ್ರ ಕೊಟ್ಟರೆ ಫಲವೇನು?

ತಂದೆತಾಯಿಗಳೇ, ಈ ಶಾಲೆಯಲ್ಲಿ ಓದಿದ ಸೋದರಿಯರೇ, ಮಗಳು ಸ್ಕ್ರೂಡ್ರೈವರ್ ಕೇಳಿದರೆ ಇಲ್ಲವೆನ್ನಬೇಡಿರಿ. ವಿದ್ಯುತ್ತಿನ ತಂತಿಯನ್ನು ಕಿತ್ತಿಟ್ಟು, ಕಿಟಕಿಯನ್ನು ತೆರೆದು, ಪಕ್ಕದಲ್ಲಿ ಕುಳಿತು ಕೆಲಸ ಮಾಡಗೊಡಿರಿ. ಒಂದೆರಡು ಚಿಪ್ಪು ಕೆಟ್ಟರೂ ಆ ನಷ್ಟ ಅಲ್ಪ. ನಾವು ಹೇಳಿದ ಆ ಯಂತ್ರವು ಇನ್ನೂ ಅಟ್ಟದ ಮೇಲೆಯೇ ಇದೆ. ಆ ಹುಡುಗಿ ಈಗ ಅದರ ಮಾತೆತ್ತುವುದಿಲ್ಲ. ನಿಜವಾದ ನಷ್ಟ ಅದೇ.